ಒಂದು ಅಕ್ಕಿಕಾಳಿನ ಜಗಳ

ಮಗಳಿಗೆ ಕೆಳದವಡೆಯಲ್ಲಿ ಎರಡು ಹಲ್ಲು ಬಂದಿವೆ. ರಾಗಿ ಸರಿ ತಿನ್ನಿಸುವಾಗ ಚಮಚಕ್ಕೆ ಟಕ್ ಅಂತ ತಾಗಿದ್ದೇ ತಡ, ಮನೆಯಲ್ಲಿ ಹಬ್ಬ. "ಸದ್ಯ, ಕೆಳಗಿನ ಹಲ್ಲೇ ಮೊದಲು ಬಂತು, ಸೋದರಮಾವ ಬಚಾವ್" ಅಂತ ಅಮ್ಮ ಊರಿಗೆಲ್ಲ ಫೋನ್ ಮಾಡಿದಳು. ಹಬ್ಬ ಎರಡೇ ದಿನ. ಮೂರನೇ ದಿನ ನಾನು ಒಂದು ಪುಟ್ಟ ಬ್ರಶ್ಶು, ಪೇಸ್ಟು ತಂದೆ ನೋಡಿ, ಜಗಳ ಶುರು.

"ಹಾಲುಹಲ್ಲಿಗೆ ಯಾರಾದ್ರೂ ಪೇಸ್ಟ್ ಹಾಕ್ತಾರೇನೋ? ಹೆಂಗೂ ಬಿದ್ದೋಗೋ ಹಲ್ಲು!"

ಈ ಮಾತನ್ನ ನಾನೂ ಒಂದು ಕಾಲಕ್ಕೆ ನಂಬಿದ್ದೆ. ಅದರ ಫಲ ಅನುಭವಿಸಿದವನು ಮಾತ್ರ ನಮ್ಮ ದೊಡ್ಡ ಮಗ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಮೊದಲು ಸುಣ್ಣದಂಥ ಗೆರೆ ಬಂತು, ಆಮೇಲೆ ಕಂದು, ಆಮೇಲೆ ಹಲ್ಲೇ ಪುಡಿಪುಡಿ. ಮೂರು ವರ್ಷಕ್ಕೆ ನಾಲ್ಕು ಹಲ್ಲನ್ನ ಅರಿವಳಿಕೆ ಕೊಟ್ಟು ಕೀಳಿಸಬೇಕಾಯಿತು. ಹೊಸ ಹಲ್ಲು ಬರುವ ತನಕ ಅವನ ಸ್ಕೂಲ್ ಫೋಟೋಗಳಲ್ಲೆಲ್ಲ ಬಾಯಿ ಮುಚ್ಚಿಕೊಂಡ ನಗು. ಈಗಲೂ ಆ ಫೋಟೋ ನೋಡಿದರೆ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತೆ.

ಬಿದ್ದುಹೋಗೋ ಹಲ್ಲು ನಿಜ. ಆದರೆ ಯಾವಾಗ? ಹಾಲುಹಲ್ಲು ಒಟ್ಟು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ದವಡೆಯವು ಹತ್ತು ಹನ್ನೆರಡರ ತನಕ ಇರಬೇಕು. ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡುವವೂ ಅವೇ, ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ :) ಅವುಗಳ ಎನಾಮಲ್ ಪದರ ನಮ್ಮದಕ್ಕಿಂತ ತೆಳು, ಹುಳುಕು ಬೇಗ ಒಳಕ್ಕಿಳಿಯುತ್ತೆ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಬಾಯಲ್ಲುಳಿದ ಹಾಲನ್ನ ತೊಳೆಯೋರು ಯಾರೂ ಇಲ್ಲ.

ಇಷ್ಟು ಹೇಳಿ ಗೆದ್ದೆ ಅಂದುಕೊಂಡೆ. ಆಗ ಅಮ್ಮ ಪೇಸ್ಟಿನ ಡಬ್ಬಿ ಎತ್ತಿಕೊಂಡು ಕನ್ನಡಕ ಹಾಕಿಕೊಂಡು ಓದಿದಳು. "ಇದ್ರಲ್ಲಿ ಫ್ಲೋರೈಡ್ ಐತಲ್ಲೋ?" ಅಂದಳು. ಆಮೇಲೆ ಏನೂ ಹೇಳದೆ ತನ್ನ ಬಾಯಿ ತೆರೆದು ತೋರಿಸಿದಳು.

ಅಮ್ಮ ಹುಟ್ಟಿ ಬೆಳೆದದ್ದು ಪಾವಗಡ ತಾಲೂಕಲ್ಲಿ. ಬೋರ್‌ವೆಲ್ ನೀರು ಕುಡಿದು ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದಿವೆ. ಅವಳ ಅಣ್ಣ ಐವತ್ತಕ್ಕೇ ಬೆನ್ನು ಬಾಗಿ ಕೋಲು ಹಿಡಿದವರು. "ನಮ್ಮ ಮೂಳೆ ತಿಂದ ವಿಷಾನ ದುಡ್ಡು ಕೊಟ್ಟು ತಂದು ಮಗೀನ ಬಾಯಿಗೆ ಹಾಕ್ತೀಯಾ?"

ನನ್ನ ಬಾಯಿ ಬಂದ್.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ದೇಶದಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ ಹತ್ತು ಲಕ್ಷಕ್ಕೆ 1000 ಪಾಲು ಮೀರುವಂತಿಲ್ಲ. ಅಮೆರಿಕದ ದಂತವೈದ್ಯರ ಸಂಘ 2014ರಲ್ಲಿ ಹೇಳಿದ್ದು, ಮೊದಲ ಹಲ್ಲು ಬಂದಾಗಿಂದ ಮೂರು ವರ್ಷದ ತನಕ ಅಕ್ಕಿಕಾಳಿನಷ್ಟು ಪೇಸ್ಟ್ ಅಂತ, ಆಮೇಲೆ ಆರರ ತನಕ ಬಟಾಣಿಯಷ್ಟು. ಅಕ್ಕಿಕಾಳಿನಷ್ಟು ಅಂದರೆ ಸುಮಾರು 0.1 ಗ್ರಾಂ, ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಂದರೆ ಮಿತಿಯೊಳಗಿನ ನೀರೇ ಒಂದು ಲೀಟರ್ ಕುಡಿದರೆ ಹದಿನೈದು ಅಕ್ಕಿಕಾಳು! ಅಮ್ಮನ ಊರಿನ ಬೋರ್‌ವೆಲ್ ಆ ಮಿತಿಯನ್ನೂ ದಾಟಿತ್ತು, ಅದೂ ಹಗಲೂ ರಾತ್ರಿ, ಅಡುಗೆಗೂ ಕುಡಿಯೋಕೂ. ಹಲ್ಲಿನ ಹೊರಗೆ ಸವರಿದ್ದು ಕಾಯುತ್ತೆ, ಹೊಟ್ಟೆಗೆ ಹೆಚ್ಚು ಇಳಿದದ್ದು ಕಾಡುತ್ತೆ. ವಸ್ತು ಒಂದೇ, ಅಳತೆ ಬೇರೆ.

ಆದರೂ ಅಮ್ಮನದು ಮೌಢ್ಯ ಅಂತ ನಾನು ಒಪ್ಪಲ್ಲ. "ಫ್ಲೋರೈಡ್ ವಿಷ" ಅಂತ ಫಾರ್ವರ್ಡ್ ಮಾಡುವವರು ಎಷ್ಟು ಅಂತ ಕೇಳಲ್ಲ. "ಎಲ್ಲರೂ ಹಚ್ಚಿ" ಅನ್ನುವವರು ಯಾವ ಊರಿನ ನೀರು ಅಂತ ಕೇಳಲ್ಲ. ಅಮ್ಮ ಕೇಳಿದಳು. ಗಟ್ಟಿಹಲ್ಲುಗಳು ವಸಡಿನೊಳಗೆ ರೂಪುಗೊಳ್ಳೋದು ಈ ಎಳೆ ವಯಸ್ಸಲ್ಲೇ, ಪಟ್ಟೆ ಬೀಳೋದೂ ಆಗಲೇ. ಪಾವಗಡದಂಥ ಕಡೆ ಮಗುವಿಗೆ ಪೇಸ್ಟ್ ತರುವ ಮುಂಚೆ ನೀರು ಪರೀಕ್ಷೆ ಮಾಡಿಸಿ ಡಾಕ್ಟರ ಹತ್ತಿರ ಮಾತಾಡಬೇಕು. ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅನ್ನೋದನ್ನ ಪ್ರತಿ ಬಾಣಂತಿಗೂ ಹೇಳಬೇಕು. ನಾವು ಬೆಂಗಳೂರಲ್ಲಿ ಕಾವೇರಿ ನೀರು ಕುಡಿಯೋರು, ನಮ್ಮ ಲೆಕ್ಕ ಬೇರೆ.

ಕೊನೆಗೆ ರಾಜಿ ಆಯಿತು. ದಿನಕ್ಕೆರಡು ಸಲ, ರಾತ್ರಿದು ತಪ್ಪಿಸೋ ಹಾಗಿಲ್ಲ, ಉಜ್ಜಿದ ಮೇಲೆ ಬಾಟಲಿ ಇಲ್ಲ. ಮಗು ನನ್ನ ತೊಡೆ ಮೇಲೆ ಮಲಗಿ ಕಿರುಚುತ್ತೆ, ನಾನು ಉಜ್ಜುತ್ತೇನೆ. ಹಲ್ಲಿಲ್ಲದ ವಸಡನ್ನ ಅಮ್ಮ ತನ್ನ ಹಳೇ ಮೆತ್ತನೆ ಸೀರೆ ತುಂಡು ಒದ್ದೆ ಮಾಡಿ ಒರೆಸುತ್ತಾಳೆ. ಅದು ಅವಳು ನನಗೂ ಮಾಡಿದ್ದಂತೆ.

ಪೇಸ್ಟ್ ಮಾತ್ರ ನನ್ನ ಕೈಗೆ ಕೊಡಲ್ಲ. ಜಾಹೀರಾತಿನಲ್ಲಿ ಬ್ರಶ್ ತುಂಬ ಹಾಕೋದನ್ನ ನೋಡಿ ಕೆಟ್ಟವನು ನಾನು. ಅವಳು ಪಕ್ಕದಲ್ಲಿ ಒಂದು ಸೋನಾ ಮಸೂರಿ ಕಾಳಿಟ್ಟುಕೊಂಡು ಅಳೆದು ಹಾಕುತ್ತಾಳೆ.

ನಿಮ್ಮ ಮನೇಲಿ ಈ ಜಗಳ ಹೇಗೆ ಮುಗೀತು? ಹೇಳಿ.