ಸಹಿ ಬೀಳದ ನೋಟು

ಹಳೆಯ ನೋಟುಗಳ ಸಂಗ್ರಹಕ್ಕೆ ಇಳಿದ ಹೊಸಬರು ಮೊದಲು ಮರುಳಾಗುವುದು ಗರಿಗರಿ ನೋಟಿಗೆ. ದಕ್ಷಿಣ ಅಮೆರಿಕದ ನೋಟುಗಳಲ್ಲಿ ಈ ಮೋಹ ಕೊಂಚ ದುಬಾರಿಯಾದೀತು.

ಅರ್ಜೆಂಟೀನಾದ ಎಂತ್ರೆ ರಿಯೊಸ್ ಪ್ರಾಂತ್ಯದಲ್ಲಿ ಗ್ವಾಲೆಗ್ವಾಯ್ಚು ಎಂಬ ಊರಿದೆ. 1869ರಲ್ಲಿ ಅಲ್ಲಿನ ಓಕ್ಸಾಂದಾಬೂರು-ಗಾರ್ಬಿನೊ ಎಂಬ ಖಾಸಗಿ ಬ್ಯಾಂಕು ತನ್ನದೇ ನೋಟು ಹೊರಡಿಸಿತ್ತು. ಮೊತ್ತ ಮಾತ್ರ ಬೊಲಿವಿಯಾದ ಬೆಳ್ಳಿ ಪೆಸೊ, ರಿಯಾಲ್‌ಗಳ ಲೆಕ್ಕದಲ್ಲಿ! ಅರ್ಜೆಂಟೀನಾಕ್ಕೆಲ್ಲ ಒಂದೇ ನಾಣ್ಯಪದ್ಧತಿ ಗೊತ್ತಾದದ್ದು 1881ರ ಕಾಯಿದೆಯಿಂದ. ಅದಕ್ಕೆ ಮುಂಚೆ ಒಳನಾಡಿನ ಪೇಟೆಗಳಲ್ಲಿ ನೆರೆದೇಶದ ಬೆಳ್ಳಿಯೇ ಹೆಚ್ಚಾಗಿ ಓಡಾಡುತ್ತಿತ್ತು.

ನೋಟು ಅಚ್ಚಾದದ್ದು ನ್ಯೂಯಾರ್ಕಿನ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯಲ್ಲಿ. ಆ ಕಾಗದ ಹಣವಾಗುತ್ತಿದ್ದುದು ಬ್ಯಾಂಕಿನವರು ಕೈಯಾರೆ ಸಹಿ ಹಾಕಿದ ಮೇಲೆ. ಸಹಿ ಬೀಳದೆ ಉಳಿದವು ಈಗಲೂ ಹೊಚ್ಚ ಹೊಸದರಂತೆ ಮಾರಾಟಕ್ಕೆ ಬರುತ್ತವೆ. ನೋಡಲು ಬಲು ಸೊಗಸು, ಆದರೆ ಒಂದು ದಿನವೂ ದುಡ್ಡಾಗಿರಲಿಲ್ಲ. ಹಾಗೆಂದು ತಿಳಿದೇ ಕೊಂಡರೆ ನಷ್ಟವಿಲ್ಲ. ಚಲಾವಣೆಗೆ ಹೋದ ನೋಟು ಬ್ಯಾಂಕಿಗೆ ಮರಳಿ ಬೆಳ್ಳಿಯಾಗಬೇಕಾದದ್ದು. ಹೀಗಾಗಿ ಮಾಸಿದ, ಮಡಿಕೆ ಬಿದ್ದ, ಸಹಿಯುಳ್ಳ ಪ್ರತಿಗೇ ಸಾಮಾನ್ಯವಾಗಿ ಬೆಲೆ ಜಾಸ್ತಿ.

ಮೋಸ ನುಸುಳುವುದು ಇಲ್ಲೇ. ಉಳಿಕೆ ನೋಟಿಗೆ ಯಾರೋ ಆಮೇಲೆ ಸಹಿ ಗೀಚಿರುತ್ತಾರೆ. ಕಾಗದ ಅಸಲಿ, ಅಚ್ಚು ಅಸಲಿ, ಸಹಿಯೊಂದೇ ನಕಲಿ. ಗರಿಗರಿ ನೋಟಿನಲ್ಲಿ ಸಹಿ ಕಂಡರೆ ಹಿಗ್ಗುವ ಮೊದಲು ಭೂತಗನ್ನಡಿ ತೆಗೆಯಿರಿ. ಮಡಿಕೆಯ ಗೆರೆ ಸಹಿಯನ್ನು ಹಾಯ್ದಿದ್ದರೆ ಅಲ್ಲಿ ಶಾಯಿ ಒಳಗೆ ಹಬ್ಬಿದೆಯೇ ನೋಡಿ. ಹಬ್ಬಿದ್ದರೆ ನೋಟು ಮಡಿಚಿದ್ದು ಮೊದಲು, ಸಹಿ ಬಿದ್ದದ್ದು ಆಮೇಲೆ.