ವಕೀಲನಿಲ್ಲದವನ ಅಹವಾಲು

ಅಮೆರಿಕದ ಕಾನೂನು ಜಗತ್ತು ರಿಚರ್ಡ್ ಪೋಸ್ನರ್ ಅವರನ್ನು ನೆನೆಯುವುದು ಹೆಚ್ಚಾಗಿ 1973ರಲ್ಲಿ ಅವರು ಬರೆದ ‘ಎಕನಾಮಿಕ್ ಅನಾಲಿಸಿಸ್ ಆಫ್ ಲಾ’ ಗ್ರಂಥಕ್ಕಾಗಿ. ಅಪಘಾತದ ಪರಿಹಾರ, ಕರಾರಿನ ಭಂಗ, ಅಪರಾಧದ ಶಿಕ್ಷೆ ಎಲ್ಲವನ್ನೂ ಲಾಭನಷ್ಟಗಳ ತಕ್ಕಡಿಯಲ್ಲಿ ತೂಗಬಹುದೆಂದು ವಾದಿಸಿದ ಪುಸ್ತಕವದು. 1969ರಿಂದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವರನ್ನು 1981ರಲ್ಲಿ ಅಧ್ಯಕ್ಷ ರೇಗನ್ ಅದೇ ಊರಿನ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ನೇಮಿಸಿದರು. ಪೀಠವೇರಿದ ಮೇಲೂ ಅವರು ಪಾಠ ಬಿಡಲಿಲ್ಲ, ಬರವಣಿಗೆಯನ್ನೂ ಬಿಡಲಿಲ್ಲ. ಆದರೆ ಆ ಗ್ರಂಥಕ್ಕಿಂತ ಅವರು ಪೀಠದಿಂದಿಳಿದ ಬಗೆಯೇ ನನಗೆ ಹೆಚ್ಚು ಮಹತ್ವದ್ದಾಗಿ ತೋರುತ್ತದೆ.

ಅಲ್ಲಿ ಫೆಡರಲ್ ನ್ಯಾಯಾಧೀಶರ ಹುದ್ದೆ ಜೀವಾವಧಿಯದು. ಪೋಸ್ನರ್ 2017ರ ಸೆಪ್ಟೆಂಬರಿನಲ್ಲಿ ಒಂದೇ ದಿನದ ಮುನ್ಸೂಚನೆ ಕೊಟ್ಟು ನಿವೃತ್ತರಾದರು. ವಕೀಲರನ್ನಿಡುವ ಶಕ್ತಿಯಿಲ್ಲದೆ ತಮ್ಮ ಮೇಲ್ಮನವಿಯನ್ನು ತಾವೇ ಬರೆದುಕೊಂಡು ಬರುವವರನ್ನು ನ್ಯಾಯಾಲಯ ಸರಿಯಾಗಿ ನಡೆಸಿಕೊಳ್ಳುತ್ತಿಲ್ಲವೆಂಬುದು ಅವರ ದೂರು. ಇಂಥವರಲ್ಲಿ ಅನೇಕರು ಸೆರೆಯಾಳುಗಳು. ಈ ಅರ್ಜಿಗಳನ್ನು ಮೊದಲು ಪರಿಶೀಲಿಸಿ ಟಿಪ್ಪಣಿ ಬರೆಯುವವರು ನ್ಯಾಯಾಲಯದ ಸಿಬ್ಬಂದಿ ವಕೀಲರು. ಆ ಟಿಪ್ಪಣಿಗಳು ಪೀಠಕ್ಕೆ ಹೋಗುವ ಮುನ್ನ ತಾವೊಮ್ಮೆ ನೋಡುವುದಾಗಿ ಪೋಸ್ನರ್ ಕೇಳಿದರು, ಸಹೋದ್ಯೋಗಿಗಳು ಒಪ್ಪಲಿಲ್ಲ.

ಮೂವತ್ತಾರು ವರ್ಷ ಪೀಠದಲ್ಲಿದ್ದವರಿಗೆ ಇದು ಕಾಣಲು ಇಷ್ಟು ಕಾಲ ಬೇಕಾಯಿತೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮತ ಹಾಕಲು ಭಾವಚಿತ್ರವುಳ್ಳ ಗುರುತುಪತ್ರ ಬೇಕೆನ್ನುವ ಇಂಡಿಯಾನಾ ರಾಜ್ಯದ ಕಾಯಿದೆಯನ್ನು 2007ರಲ್ಲಿ ಎತ್ತಿಹಿಡಿದವರೂ ಅವರೇ. ಅಂಥದೇ ವಿಸ್ಕಾನ್ಸಿನ್ ಕಾಯಿದೆ 2014ರಲ್ಲಿ ಮುಂದೆ ಬಂದಾಗ ಅವರು ಅದರ ವಿರುದ್ಧ ಕಟುವಾದ ಭಿನ್ನಮತ ಬರೆದರು. ಇದನ್ನು ಚಂಚಲತೆಯೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೆಕ್ಕವನ್ನು ನಂಬಿದವನು ಹೊಸ ಅಂಕಿ ಕಂಡಾಗ ಮೊತ್ತವನ್ನು ತಿದ್ದಲೇಬೇಕು, ತಿದ್ದದಿರುವುದು ಹಟವಷ್ಟೆ.

ತಮ್ಮ ತೀರ್ಪುಗಳನ್ನು ಗುಮಾಸ್ತರಿಗೆ ಬಿಡದೆ ತಾವೇ ಬರೆಯುತ್ತಿದ್ದ ಪೋಸ್ನರ್ ಕಾನೂನಿನ ಕಗ್ಗಂಟು ಭಾಷೆಯನ್ನು ದ್ವೇಷಿಸುತ್ತಿದ್ದರು. ನಮ್ಮಲ್ಲಿ ಸಂವಿಧಾನದ 348ನೆಯ ವಿಧಿಯಂತೆ ಉನ್ನತ ನ್ಯಾಯಾಲಯಗಳ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್. ತನ್ನದೇ ವ್ಯಾಜ್ಯದ ತೀರ್ಪನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಕಕ್ಷಿದಾರ ಕರ್ನಾಟಕದಲ್ಲೂ ಇದ್ದಾನೆ, ನಾವು ನೆಲೆಸಿರುವ ಮುಂಬಯಿ, ಚೆನ್ನೈಗಳಲ್ಲೂ ಇದ್ದಾನೆ. ಪರಭಾಷೆಯ ಕಚೇರಿಗಳಲ್ಲಿ ಕಾಗದ ಹಿಡಿದು ನಿಂತು ಬಲ್ಲ ನಮಗೆ ಅವನ ಪಾಡು ಅಪರಿಚಿತವಲ್ಲ. ಅಹವಾಲನ್ನು ಗಮನವಿಟ್ಟು ಓದುವುದು ನ್ಯಾಯಾಧೀಶನ ಔದಾರ್ಯವಲ್ಲ, ಅವನ ಮೊದಲ ಕರ್ತವ್ಯ. ಪೋಸ್ನರ್ ಅದಕ್ಕಾಗಿ ಪೀಠ ತೊರೆದರು. ಪೀಠದಲ್ಲಿ ಉಳಿದವರು ಅದನ್ನು ನಡೆಸಿಕೊಡಬೇಕು.