ತಂಬೂರಿ ಮುಂದೆ ಬಂದಿತು

ಗಾಯನದ ಬೈಠಕ್ಕುಗಳ ಆಮಂತ್ರಣ ಪತ್ರಿಕೆಗಳನ್ನು ಒಮ್ಮೆ ಗಮನವಿಟ್ಟು ನೋಡಿರಿ. ಗಾಯಕರ ಹೆಸರು ದಪ್ಪ ಅಕ್ಷರಗಳಲ್ಲಿರುತ್ತದೆ. ಅದರ ಕೆಳಗೆ ತಬಲಾ, ಹಾರ್ಮೋನಿಯಂ ನುಡಿಸುವವರ ಹೆಸರುಗಳು. ಸ್ವಾಗತ ಹೇಳುವವರಿಗೆ, ವಂದನೆ ಅರ್ಪಿಸುವವರಿಗೆ, ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೆ ಕೂಡ ಒಂದೊಂದು ಸಾಲು ಉಂಟು. ತಂಬೂರಿ ಹಿಡಿದು ಮೂರು ತಾಸು ಬೆನ್ನು ಬಾಗಿಸದೆ ಕುಳಿತವರ ಹೆಸರು ಮಾತ್ರ ಬಹುಮಟ್ಟಿಗೆ ಸಿಕ್ಕುವುದಿಲ್ಲ. ಅವರು ಹಿಂದೆ ಕೂಡುವವರು. ಅವರ ಗುಣದೋಷಗಳನ್ನು ಮರುದಿನ ಯಾರೂ ಚರ್ಚಿಸುವುದಿಲ್ಲ. ಶ್ರುತಿ ಕೊಂಚ ಜಾರಿದರೆ ಗಾಯಕರು ಒಮ್ಮೆ ಹಿಂತಿರುಗಿ ನೋಡುತ್ತಾರೆ, ಅಷ್ಟೆ.

ಇಂಥ ತಂಬೂರಿಯನ್ನು ಹಿಂದಿನಿಂದ ಎಬ್ಬಿಸಿ ತಂದು ನಡುವೇದಿಕೆಯಲ್ಲಿ ಕೂಡ್ರಿಸಿ, ಗಾಯಕರನ್ನೂ ತಬಲಾದವರನ್ನೂ ಮನೆಗೆ ಕಳುಹಿಸಿದರೆ ಏನಾದೀತು? ಈಚೆಗೆ ಹೊರಬರುತ್ತಿರುವ ಆಂಬಿಯಂಟ್ ಮತ್ತು ಪ್ರಾಯೋಗಿಕ ಇಲೆಕ್ಟ್ರಾನಿಕ್ ಸಂಗೀತದ ಮುದ್ರಿಕೆಗಳನ್ನು ಕೇಳುತ್ತಿದ್ದರೆ ಹಾಗೆಯೇ ಆಗಿದೆ ಎನ್ನಿಸುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಇವುಗಳನ್ನು ಒಂದೊಂದಾಗಿ ಫೋನಿಗೆ ಕಳುಹಿಸುತ್ತಾನೆ. ನಾನು ಶಿಗ್ಗಾಂವದಲ್ಲಿ ಕುಳಿತು ಕೇಳುತ್ತೇನೆ. ಒಂದು ಸ್ವರ ಎದ್ದು ಹತ್ತು ನಿಮಿಷ ನಿಲ್ಲುತ್ತದೆ. ಅದರ ಮೈಯಲ್ಲಿ ಇನ್ನೊಂದು ಸ್ವರ ಮೂಡಿ ಕರಗುತ್ತದೆ. ತಾಳವಿಲ್ಲ, ಪಲ್ಲವಿಯಿಲ್ಲ. 'ಇನ್ನೂ ಶ್ರುತಿ ಕೂಡಿಸುತ್ತಿದ್ದಾರೇನು?' ಎಂದು ನೆರೆಯವರು ಕೇಳಿದ್ದುಂಟು. ಅವರ ಪ್ರಶ್ನೆಯಲ್ಲಿ ವ್ಯಂಗ್ಯವಿದ್ದರೂ ವಿಮರ್ಶೆಯೂ ಇತ್ತು.

'ಆಂಬಿಯಂಟ್' ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಬ್ರಾಯನ್ ಈನೊ. 1975ರಲ್ಲಿ ಅಪಘಾತಕ್ಕೀಡಾಗಿ ಅವರು ಹಾಸಿಗೆ ಹಿಡಿದಿದ್ದಾಗ ಗೆಳತಿಯೊಬ್ಬಳು ಹಾರ್ಪ್ ವಾದ್ಯದ ಮುದ್ರಿಕೆಯೊಂದನ್ನು ತಂದುಕೊಟ್ಟಳಂತೆ. ಅದನ್ನು ಹಾಕಿ ಬಂದು ಮಲಗಿದ ಮೇಲೆ ದನಿ ತೀರ ಸಣ್ಣದಾಗಿರುವುದು ತಿಳಿಯಿತು. ಎದ್ದು ಹೋಗಿ ಏರಿಸುವ ತ್ರಾಣವಿರಲಿಲ್ಲ. ಹೊರಗಿನ ಮಳೆಯ ಸದ್ದಿನಲ್ಲಿ ತಂತಿಯ ನಾದ ಬೆರೆತು ಕೇಳುತ್ತಿದ್ದಾಗ ಅವರಿಗೆ ಹೊಸ ಬಗೆಯ ಸಂಗೀತದ ಕಲ್ಪನೆ ಹೊಳೆಯಿತು. 1978ರಲ್ಲಿ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಹೊರಬಂದಿತು. ಕಿವಿಗೊಟ್ಟರೆ ಅದರಲ್ಲಿ ಸಾರವಿರಬೇಕು, ಕಿವಿಗೊಡದಿದ್ದರೂ ಅದರ ಪಾಡಿಗೆ ಅದು ಕೋಣೆಯ ಹವೆಯಂತೆ ಇದ್ದುಕೊಂಡಿರಬೇಕು ಎಂಬುದು ಅವರ ಬಯಕೆಯಾಗಿತ್ತು. ಕನ್ನಡದಲ್ಲಿ ಇದನ್ನು 'ಆವರಣ ಸಂಗೀತ' ಎಂದು ಕರೆದರೆ ತಪ್ಪಾಗದು.

ಈನೊ ವಿದ್ಯಾರ್ಥಿಯಾಗಿದ್ದಾಗಲೇ ಅಮೇರಿಕದ ಲಾ ಮಾಂಟ್ ಯಂಗ್ ಎಂಬವರ ಕೃತಿಯೊಂದನ್ನು ನುಡಿಸಿದ್ದರು. ಯಂಗರು ದೀರ್ಘಸ್ವರದ ಬೆನ್ನು ಹತ್ತಿದವರು. ನಿಂತ ಸ್ವರವೊಂದೇ ಒಂದು ಕೃತಿಯಾಗಬಹುದೆಂದು 1960ರ ದಶಕದಲ್ಲಿಯೇ ಸಾಧಿಸಹೊರಟವರು. 1970ರಲ್ಲಿ ಪಂಡಿತ ಪ್ರಾಣನಾಥರು ನ್ಯೂಯಾರ್ಕಿಗೆ ಹೋದಾಗ ಇದೇ ಯಂಗರೂ ಅವರ ಗೆಳೆಯ ಟೆರ್ರಿ ರೈಲಿಯವರೂ ಶಿಷ್ಯರಾಗಿ ಅವರ ಕಾಲ ಬಳಿ ಕುಳಿತರು. ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಆ ಘರಾಣೆಯ ಇನ್ನೊಬ್ಬ ಮಹನೀಯರಾದ ಅಬ್ದುಲ್ ಕರೀಮ್ ಖಾನರ ಶಿಷ್ಯರೇ ನಮ್ಮ ತಾಲ್ಲೂಕಿನ ಎಲ್ಲೆಗೆ ಹತ್ತಿದ ಕುಂದಗೋಳದ ಸವಾಯಿ ಗಂಧರ್ವರು. ಹಾನಗಲ್ಲನ್ನು ತಮ್ಮ ಹೆಸರಿನಲ್ಲಿ ಹೊತ್ತು ಜಗತ್ತಿಗೆಲ್ಲ ಪರಿಚಯಿಸಿದ ಗಂಗೂಬಾಯಿಯವರು ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದುದು ಆ ಕುಂದಗೋಳಕ್ಕೆ. ಅಲ್ಲಿಗೆ, ನ್ಯೂಯಾರ್ಕಿನ ಆ ಮಾಳಿಗೆಯೂ ಕುಂದಗೋಳದ ಆ ವಾಡೆಯೂ ಒಂದೇ ಮರದ ಎರಡು ಟೊಂಗೆಗಳಾದವು.

ಇಷ್ಟು ಹೇಳಿದೊಡನೆ 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂದು ಮೀಸೆ ತಿರುವುವವರು ಹೊರಡುತ್ತಾರೆ. ಅವರ ಜೊತೆಗೆ ನಾನಿಲ್ಲ. ನಮ್ಮಲ್ಲಿ ತಂಬೂರಿ ಇತ್ತು, ಹೌದು; ಅದು ಒಂದು ಸ್ವರವನ್ನು ಹಿಡಿದಿಟ್ಟುಕೊಂಡು ಬಂದಿತು, ಹೌದು. ಆದರೆ ತಂಬೂರಿಯನ್ನಷ್ಟೇ ಕೇಳಲು ನಾವು ಯಾರೂ ಚಾಪೆ ಹಾಸಿ ಕೂಡಲಿಲ್ಲ. ಅದರ ಹೆಸರನ್ನು ಆಮಂತ್ರಣದಲ್ಲಿ ಹಾಕದವರು ಈಗ ಅದರ ಹಿರಿಮೆಗೆ ಹಕ್ಕು ಸಾಧಿಸುವುದು ಚೆಂದವಲ್ಲ. ಹಿಂದೆ ಕುಳಿತದ್ದನ್ನು ಮುಂದೆ ತಂದ ಶ್ರೇಯಸ್ಸು ಹೊಸಬರದು.

ಅಂಥ ಹೊಸಬರು ನಮ್ಮ ದೇಶದಲ್ಲಿಯೂ ಇದ್ದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಮೂಗ್ ಸಿಂಥಸೈಜರ್ ಯಂತ್ರವೊಂದು ಬಂದಿತು. ಅಮೇರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಮೊದಲಾದವರು ಅಲ್ಲಿ ಧ್ವನಿಸುರುಳಿಗಳನ್ನು ಮಾಡಿದರು. ಅವು ಕಪಾಟಿನಲ್ಲಿ ಉಳಿದವು. 1969ರಿಂದ 1972ರವರೆಗಿನ ಆ ಕೆಲಸ, ಪಾಲ್ ಪರ್ಗಾಸ್ ಎಂಬವರ ಪರಿಶ್ರಮದಿಂದ, 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಎಂಬ ಹೆಸರಿನಲ್ಲಿ ಹೊರಬಂದಿದೆ. ಐವತ್ತು ವರ್ಷ ಹಳೆಯದಾದ ಹೊಸ ಬಿಡುಗಡೆ! ಅದರಲ್ಲಿ ಎಲ್ಲವೂ ಉತ್ತಮವೆಂದು ನಾನು ಹೇಳಲಾರೆ. ಹೊಸ ಯಂತ್ರದ ಗುಂಡಿಗಳನ್ನು ಒತ್ತಿ ನೋಡುವ ಬಾಲಕುತೂಹಲವೂ ಅಲ್ಲಲ್ಲಿ ಉಂಟು. ಆದರೆ ಒತ್ತಿದವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಏನಾಗುವುದೆಂದು ಕಾದಿರುವ ಕಡೆಗಳಲ್ಲಿ ಕೇಳುವವನೂ ಉಸಿರು ಹಿಡಿದು ಕಾಯುತ್ತಾನೆ.

ಈಚಿನವರಲ್ಲಿ ಅರುಷಿ ಜೈನ್ ಅವರ ಹೆಸರು ಕೇಳಿಬರುತ್ತಿದೆ. ಬಿಡಿಬಿಡಿ ಭಾಗಗಳನ್ನು ತಂತಿಗಳಿಂದ ಜೋಡಿಸುವ ಸಿಂಥಸೈಜರಿನೊಡನೆ ತಮ್ಮ ಕಂಠವನ್ನೂ ಬೆರೆಸಿ 2021ರಲ್ಲಿ ಸಂಜೆಗೆಂದೇ ಒಂದು ಮುದ್ರಿಕೆ ಮಾಡಿದರು. 2024ರ 'ಡಿಲೈಟ್' ಬಾಗೇಶ್ರೀ ರಾಗವನ್ನು ಆಧರಿಸಿದ್ದು. ಬಾಗೇಶ್ರೀಯ ನಡಿಗೆಯನ್ನು ಹುಡುಕಿಕೊಂಡು ಹೋದರೆ ಅಲ್ಲಿ ನಿರಾಶೆಯಾಗುತ್ತದೆ. ಅದರ ಇರುಳು ಮಾತ್ರ ಅಲ್ಲಿದೆ. ರಾಗವನ್ನು ಬಲ್ಲವರು ಇದನ್ನು ಕಳ್ಳತನವೆಂದಾರು. ನನಗೆ ಹಾಗೆ ತೋರಲಿಲ್ಲ. ಹೂವಿಲ್ಲದ ಕೋಣೆಯಲ್ಲಿ ಹೂವಿನ ವಾಸನೆ ಉಳಿದಂತೆ ತೋರಿತು. ಅದೇ ವರ್ಷ ಬಂದ ಕಾಲಿ ಮಲೋನ್ ಅವರ 'ಆಲ್ ಲೈಫ್ ಲಾಂಗ್' ಇನ್ನೂ ಕಠಿಣವಾದದ್ದು. ಚರ್ಚಿನ ಕೊಳವೆಯ ಆರ್ಗನ್ನು, ಹಿತ್ತಾಳೆಯ ವಾದ್ಯಗಳು, ಮನುಷ್ಯಕಂಠ, ಇಷ್ಟೇ. ಅದನ್ನು ಕೇಳುತ್ತ ಬೇರೆ ಕೆಲಸ ಮಾಡಲಾಗುವುದಿಲ್ಲ.

ಅಲ್ಲಿಯೇ ನನ್ನ ಮುಖ್ಯ ಮಾತು ಇದೆ. ಈ ಸಂಗೀತದ ಬಹುಭಾಗವನ್ನು ಇಂದು ಮಾರುತ್ತಿರುವುದು ನಿದ್ರೆಯ ಔಷಧವಾಗಿ. 'ಮಲಗಲು', 'ಓದಲು', 'ಮನಸ್ಸಿನ ದಣಿವಿಗೆ' ಎಂಬ ಚೀಟಿಗಳನ್ನು ಅಂಟಿಸಿ ಗಂಟೆಗಟ್ಟಲೆ ನಾದವನ್ನು ಸುರಿಯುತ್ತಾರೆ. ಮ್ಯಾಕ್ಸ್ ರಿಕ್ಟರ್ ಎಂಬ ಸಮರ್ಥ ಸಂಗೀತಕಾರರು 2015ರಲ್ಲಿ 8 ಗಂಟೆಗಳ 'ಸ್ಲೀಪ್' ಎಂಬ ಕೃತಿಯನ್ನೇ ರಚಿಸಿ, ಕೇಳುಗರಿಗೆ ಮಂಚಗಳನ್ನು ಹಾಕಿಸಿ ನುಡಿಸಿದರು. ಅವರದು ಪ್ರಾಮಾಣಿಕ ಕೃತಿ; ದಣಿದವರಿಗೆ ಜೋಗುಳ ಬೇಕು. ಆದರೆ ಜೋಗುಳವೇ ಈ ಸಂಗೀತದ ಗುರಿಯೆಂದು ನಿಶ್ಚಯಿಸಿಬಿಟ್ಟರೆ ನಮ್ಮ ಕಡೆಯವನಾದ ನಾನು ತಕರಾರು ಎತ್ತಲೇಬೇಕು. ನಮ್ಮ ಹಳ್ಳಿಗಳಲ್ಲಿಯೂ 8 ಗಂಟೆಗಳ ಸಂಗೀತ ಉಂಟು. ಶಿವರಾತ್ರಿಯಂದು ದೀಪ ಹಚ್ಚಿದ ಮೇಲೆ ತಾಳ, ದಮ್ಮಡಿ, ಹಾರ್ಮೋನಿಯಂ, ಏಕತಾರಿಗಳೊಡನೆ ಕೂಡುವ ಭಜನಾಮೇಳ ಏಳುವುದು ಬೆಳಕು ಹರಿದಾಗಲೇ. ಅದರ ಹೆಸರೇ ಜಾಗರಣೆ. ಅಲ್ಲಿ ಒಂದೇ ತಂತಿ ಇರುಳೆಲ್ಲ ಮಿಡಿಯುವುದು ಎಚ್ಚರವಿರಲೆಂದು.

ಈಗ ಆ ಏಕತಾರಿಯ ಜಾಗಕ್ಕೆ ಪೆಟ್ಟಿಗೆ ಬಂದು ಕುಳಿತಿದೆ. ಪೆಟ್ಟಿಗೆಯನ್ನು ನಾನು ಹಳಿಯುವುದಿಲ್ಲ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರರಾಗಿದ್ದ, ಸ್ವತಃ ಕೊಳಲು ನುಡಿಸುತ್ತಿದ್ದ ಜಿ. ರಾಜನಾರಾಯಣರು ಬೆಂಗಳೂರಿನಲ್ಲಿ 1979ರಲ್ಲಿ ಇಲೆಕ್ಟ್ರಾನಿಕ್ ಶ್ರುತಿಯನ್ನು ತಯಾರಿಸಿದರು. 'ರಾಡೆಲ್' ಎಂಬ ಹೆಸರು ಮನೆಮನೆಗೆ ಮುಟ್ಟಿತು. ಮಿರಜದಿಂದ ತಂಬೂರಿ ತರಿಸುವ ಅನುಕೂಲವಿಲ್ಲದ ಎಷ್ಟೋ ಮಕ್ಕಳು ಅದರಿಂದ ಸ್ವರಶುದ್ಧಿಯನ್ನು ಪಡೆದರು. ಬಸ್ಸಿನ ಪ್ರವಾಸದಲ್ಲಿ ಸೋರೆ ಬುರುಡೆ ಒಡೆಯುವ ಭಯವೂ ತಪ್ಪಿತು. ಈಗಂತೂ ಅದು ಪುಕ್ಕಟೆಯಾಗಿ ಫೋನಿನೊಳಗೇ ಇದೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಇಲೆಕ್ಟ್ರಾನಿಕ್ ಸಂಗೀತವನ್ನು ಊರೂರಿಗೆ ಒಯ್ದದ್ದು ಈ ಶ್ರುತಿಪೆಟ್ಟಿಗೆಯೇ. ನಾವು ಅದನ್ನು ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ.

ಹಿಂದಿನ ಒಂದು ಶಿವರಾತ್ರಿಯಂದು ನಮ್ಮ ಭಾಗದ ಹಳ್ಳಿಯೊಂದರಲ್ಲಿ ಫೋನಿನ ತಂಬೂರಿಯನ್ನು ಧ್ವನಿವರ್ಧಕಕ್ಕೆ ಹಚ್ಚಿದ್ದರು. ಏಕತಾರಿಯವರು, ಎಪ್ಪತ್ತು ದಾಟಿದ ಹಿರಿಯರು, ತಮ್ಮ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. 'ಯಾಕ್ರೀ ಅಜ್ಜಾರ, ಅದು ಛಲೋ ಇಲ್ಲೇನು?' ಎಂದೆ. 'ಛಲೋ ಐತ್ರಿ ಮಾಸ್ತರ. ಆದರ ಅದು ಸರಿಯೂದಿಲ್ಲ. ನನ್ನ ತಂತಿ ಬೆಳಗಿನ ಝಾವಕ್ಕ ಸರೀತೈತಿ. ಸರದದ್ದು ಕಿವಿಗೆ ಬಿತ್ತಂದ್ರ, ನಾ ಎಚ್ಚರ ಅದೀನಿ ಅಂತ ಗೊತ್ತಾಕೈತಿ' ಎಂದರು. ಆವರಣ ಸಂಗೀತದ ಬಗೆಗೆ ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಇಷ್ಟು ತೂಕದ ಮಾತನ್ನು ಕಂಡಿಲ್ಲ.

ಅವರು ಹೇಳಿದ್ದರ ಹಿಂದೆ ವಾದ್ಯದ ಮರ್ಮವೇ ಇದೆ. ತಂಬೂರಿಯ ಕುದುರೆಯ ಮೈ ಕೊಂಚ ಬಾಗಿರುತ್ತದೆ. ತಂತಿ ಅದನ್ನು ಸವರಿಕೊಂಡು ಕಂಪಿಸುತ್ತದೆ. ನಡುವೆ ಎಳೆದಾರವೊಂದನ್ನು ಸಿಕ್ಕಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಸ್ವರದ ಒಡಲಿನಿಂದ ಹಲವು ಸ್ವರಗಳು ಒಂದರ ಬೆನ್ನಿಗೊಂದು ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಜವಾರಿ ಎನ್ನುತ್ತಾರೆ. (ನಮ್ಮ ಸಂತೆಯಲ್ಲಿ ಜವಾರಿ ಎಂದರೆ ನಾಡತಳಿ: ಜವಾರಿ ಕೋಳಿ, ಜವಾರಿ ಬದನೆಕಾಯಿ. ಎರಡು ಶಬ್ದಗಳ ಮೂಲ ಬೇರೆಯಿದ್ದೀತು. ನನಗಂತೂ ಎರಡೂ ಒಂದೇ ರುಚಿಯವು.) ಬೆರಳಿನ ಎರಡು ಮೀಟುಗಳು ಎಂದೂ ಒಂದೇ ಆಗವು. ತೇವವಾದ ಹವೆಗೆ ತಂತಿ ಒಂದು ಬಗೆ, ಒಣ ಹವೆಗೆ ಇನ್ನೊಂದು ಬಗೆ. ಪೆಟ್ಟಿಗೆ ಒಂದು ಮೀಟನ್ನೇ ಸಾವಿರ ಸಲ ಹೇಳುತ್ತದೆ. ಕಿವಿ ಎರಡು ನಿಮಿಷದಲ್ಲಿ ಅದನ್ನು ನಂಬಿ ಮಲಗಿಬಿಡುತ್ತದೆ. ಹೊಸ ಸಂಗೀತಕಾರರಲ್ಲಿ ಉತ್ತಮರಾದವರು ಯಂತ್ರದಲ್ಲಿಯೇ ಈ ಸರಿಯುವಿಕೆಯನ್ನು ತರಲು ಹೆಣಗುತ್ತಾರೆ. ಎರಡು ಸ್ವರಗಳನ್ನು ಕೂದಲೆಳೆಯಷ್ಟು ಬೇರೆ ಮಾಡಿ, ಅವುಗಳ ನಡುವೆ ಏಳುವ ಅಲೆಯನ್ನು ಕೇಳಿಸುತ್ತಾರೆ. ಹೊಸ ಮುದ್ರಿಕೆ ಕೈಗೆ ಬಂದಾಗ ನಾನು ನೋಡುವುದು ಇದೊಂದನ್ನೇ: ಇದು ಸರಿಯುತ್ತದೆಯೆ?

ತಂಬೂರಿ ಕೂಡಿಸಲು ಅರಿಯದವನನ್ನು ಗದರಿಸುವ ಶರೀಫರ ಪದ ನಾಡಿಗೆಲ್ಲ ಗೊತ್ತು. ಇಲ್ಲಿ ಎತ್ತಿ ಹೇಳಬೇಕಾಗಿಲ್ಲ. ಆ ಶಿಶುನಾಳ ನಮ್ಮ ತಾಲ್ಲೂಕಿನದು. 1889ರಲ್ಲಿ ಶರೀಫರು ತೀರಿಕೊಂಡ ಮೇಲೆ ಅವರ ಪದಗಳನ್ನು ಊರವರು ಬಾಯಿಂದ ಬಾಯಿಗೆ ಉಳಿಸಿಕೊಂಡರು. ಮುಂದೆ ಪುಸ್ತಕಗಳಾದವು, ಪಾಠಾಂತರಗಳ ಚರ್ಚೆಯೂ ಆಯಿತು. ಸಿ. ಅಶ್ವತ್ಥರು ಅವಕ್ಕೆ ಹೊಸ ಸ್ವರಸಂಯೋಜನೆ ಮಾಡಿ ಕನ್ನಡಿಗರ ಮನೆಗಳಿಗೆ ತಲುಪಿಸಿದರು. 1990ರಲ್ಲಿ ನಾಗಾಭರಣರ ಚಲನಚಿತ್ರವೂ ಬಂದಿತು. ಅದು ದೊಡ್ಡ ಉಪಕಾರ. ಆದರೆ ವಾದ್ಯಮೇಳದ ಆ ಸಂಭ್ರಮದಲ್ಲಿ ಒಂಟಿ ತಂತಿಯ ದನಿ ಮುಚ್ಚಿಹೋಯಿತೆಂಬುದನ್ನೂ ಹೇಳಬೇಕು. ಪದದ ಅಕ್ಷರಕ್ಕೆ ನಾವು ತೋರಿದ ಆಸ್ಥೆಯನ್ನು ಪದ ಒರಗಿಕೊಂಡಿದ್ದ ನಾದಕ್ಕೆ ತೋರಲಿಲ್ಲ.

ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿಯ ವಿದ್ವಾಂಸರಲ್ಲಿ ನನ್ನದೊಂದು ಬಿನ್ನಹ. ಶಿಗ್ಗಾಂವ, ಸವಣೂರು, ಹಾನಗಲ್ಲು, ಹಿರೇಕೆರೂರುಗಳ ಹಳ್ಳಿಗಳಲ್ಲಿ ಇನ್ನೂ ಏಕತಾರಿ ಹಿಡಿಯುವವರ ಬಳಿಗೆ ಒಳ್ಳೆಯ ಧ್ವನಿಗ್ರಾಹಕವನ್ನು ಒಯ್ದು, ಒಂದು ಪದಕ್ಕಾಗಿ ಅಲ್ಲದೆ ಒಂದು ಇಡೀ ಇರುಳಿಗಾಗಿ ಕೂಡಬೇಕು. ಪದಗಳ ನಡುವೆ ತಂತಿ ಮಾತ್ರ ಮಿಡಿಯುವ ಹೊತ್ತು ಇರುತ್ತದಲ್ಲ, ಅದನ್ನು ಉಳಿಸಬೇಕು. ಅಹಮದಾಬಾದಿನ ಸುರುಳಿಗಳಂತೆ ಐವತ್ತು ವರ್ಷ ಕಪಾಟಿನಲ್ಲಿಡದೆ ಅದನ್ನು ಮುದ್ರಿಕೆಯಾಗಿ ಹೊರತರಬೇಕು. ಮಿರಜದ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು; ಏಕತಾರಿಗೆ ಅಂಥ ಮನ್ನಣೆ ಬೇಡ, ನುಡಿಸುವವರ ಹೆಸರು ಹೊದಿಕೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾದರೆ ಸಾಕು. ನಾಯಿ ಬೊಗಳಿದ್ದು, ಚಹಾದ ಬಟ್ಟಲು ಸದ್ದು ಮಾಡಿದ್ದು ಇದ್ದರೆ ಇರಲಿ. ಝಾವದ ಹೊತ್ತಿಗೆ ತಂತಿ ಸರಿದಾಗ ಅಜ್ಜನವರು ಪದವನ್ನು ನಿಲ್ಲಿಸಿ ಬಿರಡೆ ತಿರುವುತ್ತಾರೆ. ಮುದ್ರಿಸುವವರು ದಯವಿಟ್ಟು ಆ ಅರ್ಧ ನಿಮಿಷವನ್ನು ಕತ್ತರಿಸಬಾರದು.